ಮೂರನೆಯ ಬೆರಳು

ಜೂನ್ 12

ಪ್ರೀತಿಯ ಗುಬ್ಬಿ,

ನಿನ್ನ ಅಣ್ಣ ಹೋದ ಮೇಲೆ ಇವತ್ತು ಮೊದಲ ಸಲ ಹೊಟ್ಟೆ ತುಂಬ ನಕ್ಕೆ. ಯಾಕೆ ಅಂತ ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಅವರ ಮಾತು ನಿಂತುಹೋದ ಮೇಲೆ ನಾವು ಮೂವರೂ ಬರೆಯುವುದನ್ನೇ ರೂಢಿ ಮಾಡಿಕೊಂಡೆವಲ್ಲ, ಈಗ ನಿನ್ನ ಹತ್ತಿರ ಮನಸ್ಸಿನ ಮಾತು ಆಡಬೇಕೆಂದರೆ ನನ್ನ ಕೈ ಪೆನ್ನಿಗೇ ಹೋಗುತ್ತದೆ.

ಮೇಲಿನ ಕಚೇರಿಯಿಂದ ನಮ್ಮ ಶಾಲೆಗೊಂದು ಸುತ್ತೋಲೆ ಬಂದಿದೆ. ಈ ವರ್ಷ ಮಕ್ಕಳಿಗೆಲ್ಲ ವಾರಕ್ಕೊಂದು ಸಲ ತಂಬಾಕಿನ ಅಪಾಯದ ಬಗ್ಗೆ ಪಾಠ ಮಾಡಬೇಕಂತೆ. ಹೆಡ್ಮಾಸ್ತರರು ಸ್ಟಾಫ್ ರೂಮಿಗೆ ಬಂದು ಅದನ್ನು ಓದಿ, ಯಾರು ಮಾಡುತ್ತೀರಿ ಅಂತ ಕೇಳಿದರು. ಗಣಿತದ ಮೇಷ್ಟ್ರು ಕಿಟಕಿಯಾಚೆ ನೋಡಿದರು. ಡ್ರಿಲ್ ಮೇಷ್ಟ್ರು ಕೊರಳಲ್ಲೇ ನೇತಾಡುತ್ತಿದ್ದ ಸೀಟಿಯನ್ನು ಡ್ರಾಯರಿನಲ್ಲಿ ಹುಡುಕತೊಡಗಿದರು. ಅವರನ್ನು ಬೈಯುವಂತಿಲ್ಲ. ನಮ್ಮ ಹೊಸ ಸಭಾಂಗಣ, ಕುಡಿಯುವ ನೀರಿನ ಟ್ಯಾಂಕು, ಏಳನೇ ತರಗತಿಯ ಬೆಂಚುಗಳು, ಎಲ್ಲದರ ಮೇಲೂ ದಾನಿ ಅಂತ ಒಬ್ಬರದೇ ಹೆಸರು ಬರೆದಿದೆ. ಅದು ಯಾರದು ಅಂತ ನಿನಗೆ ಹೇಳಬೇಕಾಗಿಲ್ಲ. ಧಣಿಗಳದು. ಸುತ್ತಲಿನ ಅಷ್ಟೂ ಅಂಗಡಿಗಳಿಗೆ ಅಡಿಕೆ ಬೆರೆಸಿದ ತಂಬಾಕಿನ ಪೊಟ್ಟಣ ಹೋಗುವುದು ಅವರ ಗೋಡೌನಿನಿಂದ.

ನಾನು ಕೈ ಎತ್ತಿದೆ. ಹೆಡ್ಮಾಸ್ತರರ ಮುಖ ಸಣ್ಣದಾಯಿತು. ವಿಜ್ಞಾನದ ಟೀಚರು ನಾನು, ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ. ಮೇಲೆ ಮೇಲೆ ಹೇಳಿ ಮುಗಿಸಿ, ಶ್ವಾಸಕೋಶದ ಚಿತ್ರ ತೋರಿಸಿದರೆ ಸಾಕು ಅಂತ ಗೋಗರೆದರು. ಆಗಲಿ ಅಂದೆ. ಆಮೇಲೆ ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ನಿನ್ನ ಅಣ್ಣ ಧಣಿಗಳ ವ್ಯಾನಿಗೆ ಸೇರಿದಾಗ ನೀನು ನರ್ಸಿಂಗ್ ಓದಲು ಹೋಗಿದ್ದೆ. ಆಗಿನದೆಲ್ಲ ನಿನಗೆ ಅರ್ಧಂಬರ್ಧ ಗೊತ್ತು. ಅವರು ವ್ಯಾನು ಓಡಿಸುವುದಷ್ಟೇ ಅಲ್ಲ, ಅಂಗಡಿ ಅಂಗಡಿಗೆ ಇಳಿದು ಮಾಲು ಕೊಡಬೇಕಿತ್ತು. ಧಣಿಗಳದೊಂದು ನಿಯಮ. ಹೊಸ ಮಾಲು ಬಂದಾಗಲೆಲ್ಲ ಮೊದಲ ಪೊಟ್ಟಣವನ್ನು ಅಂಗಡಿಯವನ ಕಣ್ಣೆದುರೇ ಹರಿದು ತನ್ನ ಬಾಯಿಗೆ ಹಾಕಿಕೊಂಡು ತೋರಿಸಬೇಕು. ಮಾಲು ತಾಜಾ ಅನ್ನುವುದಕ್ಕೆ ಅದೇ ಸಾಕ್ಷಿ. ಮದುವೆಯಾದಾಗ ಕಾಫಿ ಕೂಡ ಕುಡಿಯದ ಮನುಷ್ಯ ಅಂಗಡಿಗೊಂದರಂತೆ ಜಗಿಯಲು ಕಲಿತದ್ದು ಹೀಗೆ. ಆಮೇಲೆ ಕೆನ್ನೆಯೊಳಗೆ ಬಿಳಿ ಕಂಡಿತು, ಬಾಯಿ ಬಿಗಿಯಿತು. ರಜೆ ಕೊಡಿ, ಡಾಕ್ಟರಿಗೆ ತೋರಿಸಬೇಕು ಅಂದರೆ ಧಣಿಗಳು ಗೋಡೌನಿನ ಬೆಳಕಿಗೆ ಅವರ ಮುಖ ತಿರುಗಿಸಿ ನೋಡಿದರಂತೆ. "ಗೊತ್ತು ಬಿಡೋ, ನಮ್ಮ ಹಳೆ ಡ್ರೈವರಿಗೂ ಹಿಂಗೇ ಆಗಿತ್ತು. ಬಾಯಿ ಕಮ್ಮಿ ತೆಗೆದ್ರೆ ಮಾತೂ ಕಮ್ಮಿ, ಒಳ್ಳೇದೇ. ಸೀಸನ್ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ" ಅಂದರಂತೆ. ಆ ಹಳೆ ಡ್ರೈವರು ಏನಾದ ಅಂತ ಧಣಿಗಳಿಗೆ ಗೊತ್ತಿತ್ತು, ಗುಬ್ಬಿ. ಗೊತ್ತಿದ್ದೂ ಸೀಸನ್ ಮುಗಿಯುವವರೆಗೆ ಇವರನ್ನು ವ್ಯಾನಿನಿಂದ ಇಳಿಸಲಿಲ್ಲ.

ಧಣಿಗಳ ಮೊಮ್ಮಗಳು ಈ ವರ್ಷ ನನ್ನ ಏಳನೇ ತರಗತಿಗೆ ಬಂದಿದ್ದಾಳೆ. ಒಂದು ಕಡೆ ನಿಲ್ಲುವುದಿಲ್ಲ, ಎಲ್ಲರೂ ಬುಗುರಿ ಅನ್ನುತ್ತಾರೆ. ತಾತನೆಂದರೆ ಪ್ರಾಣ, ತಾತನಿಗೂ ಅವಳೆಂದರೆ ಪ್ರಾಣ. ಆ ಮನೆಯೊಳಗೆ ನಾನು ಕಾಲಿಡಬೇಕಾಗಿಲ್ಲ. ನನ್ನ ಪಾಠ ದಿನವೂ ಸಂಜೆ ಅವಳ ಜೊತೆ ಹೋಗುತ್ತದೆ.

ನಿನ್ನ ಅತ್ತಿಗೆ


ಜೂನ್ 25

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಡ್ರೆಸ್ಸಿಂಗ್ ರೂಮಿನಲ್ಲಿ ನಿಂತೇ ಓದಿದೆ. ನನಗೂ ನಗು ಬಂತು. ನಮ್ಮ ಸಿಸ್ಟರಮ್ಮ ತಲೆಗಿಲೆ ಕೆಟ್ಟಿತಾ ಅಂತ ಕೇಳಿದರು.

ಮಾಡಿ ಅತ್ತಿಗೆ. ಚೆನ್ನಾಗಿ ಮಾಡಿ. ನಾನಿಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿಗಳನ್ನು ತೊಳೆಯುತ್ತೇನೆ. ಅರ್ಧ ದವಡೆ ಇಲ್ಲದವರು, ನಾಲಿಗೆ ಇಲ್ಲದವರು, ಮೂಗಿನ ನಳಿಕೆಯಲ್ಲಿ ಊಟ ಮಾಡುವವರು. ಇವರಿಗೆಲ್ಲ ಮಾರಿದವನು ಯಾವತ್ತೂ ಈ ವಾರ್ಡಿಗೆ ಬರುವುದಿಲ್ಲ. ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಗೊತ್ತಿದ್ದೂ ಹಿಡಿಯಲಾಗದೆ ಕೈ ಕಟ್ಟಿಕೊಂಡಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ. ನಿಮಗೆ ಒಬ್ಬನ ಕೊರಳಪಟ್ಟಿ ಸಿಕ್ಕಿದೆ, ನನಗೆ ಹೊಟ್ಟೆಕಿಚ್ಚಾಗುತ್ತಿದೆ.

ಶ್ವಾಸಕೋಶದ ಚಿತ್ರ ಬೇಡ. ಮಕ್ಕಳು ಅದನ್ನು ಬಣ್ಣ ಹಚ್ಚಿ ಮರೆಯುತ್ತಾರೆ. ಬಾಯಿಯನ್ನೇ ತೋರಿಸಿ. ನಾವಿಲ್ಲಿ ಹೊಸಬರು ಬಂದರೆ ಮೊದಲು ಮಾಡುವುದು ಮೂರು ಬೆರಳಿನ ಪರೀಕ್ಷೆ. ತೋರು, ನಡು, ಉಂಗುರ, ಮೂರೂ ಬೆರಳನ್ನು ಒಂದರ ಮೇಲೊಂದು ಬರುವ ಹಾಗೆ ನೆಟ್ಟಗೆ ಜೋಡಿಸಿ, ಬಾಯಿ ಪೂರ್ತಿ ತೆರೆದು, ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ಇಡಬೇಕು. ಅವರವರ ಬಾಯಿಗೆ ಅವರವರ ಬೆರಳೇ ಅಳತೆ. ಜಗಿಯದ ಬಾಯಲ್ಲಿ ಮೂರೂ ಆರಾಮಾಗಿ ಕೂರುತ್ತವೆ. ಜಗಿಯುವವರ ಕೆನ್ನೆಯೊಳಗೆ ನಾರು ಕಟ್ಟಿ ಬಿಗಿಯುತ್ತಾ ಬರುತ್ತದೆ, ಮೂರನೆಯದು ಹೊರಗೇ ಉಳಿಯುತ್ತದೆ. ಖಾರ ತಾಗಿದರೆ ಉರಿ ಅನ್ನುವುದೂ ಒಂದು ಗುರುತು. ಹಲ್ಲುನೋವು, ದವಡೆನೋವು ಇದ್ದರೂ ಬಾಯಿ ಬಿಗಿಯಬಹುದು, ಆದ್ದರಿಂದ ಬೆರಳು ಹೋಗದವರನ್ನು ಹೆದರಿಸಬೇಡಿ, ಡಾಕ್ಟರ ಹತ್ತಿರ ಕಳಿಸಿ.

ಮಕ್ಕಳಿಗೆ ಇದು ಆಟ. ಮನೆಗೆ ಹೋಗಿ ಎಲ್ಲರ ಬಾಯಿಯನ್ನೂ ಅಳೆಯುತ್ತಾರೆ. ಬುಗುರಿಯೂ ಅಳೆಯುತ್ತಾಳೆ. ಧಣಿಯ ಬಾಯಲ್ಲಿ ಎಷ್ಟು ಬೆರಳು ಹೋಯಿತು ಅಂತ ನನಗೆ ತಪ್ಪದೆ ಬರೆಯಿರಿ.

ನಿಮ್ಮ ಗುಬ್ಬಿ


ಜುಲೈ 21

ಪ್ರೀತಿಯ ಗುಬ್ಬಿ,

ಮೂರೂ ಹೋದವು. ಕೇಳಿಸಿಕೋ, ಧಣಿಗಳ ಬಾಯಲ್ಲಿ ಮೂರೂ ಹೋದವು. ನಾಲ್ಕನೆಯದಕ್ಕೂ ಜಾಗ ಇತ್ತಂತೆ.

ಮೊದಲಿಂದ ಹೇಳುತ್ತೇನೆ. ತರಗತಿಯಲ್ಲಿ ಪರೀಕ್ಷೆ ಮಾಡಿಸಿದ ದಿನ ಗದ್ದಲವೋ ಗದ್ದಲ. ಜೊಲ್ಲು ಸುರಿಸುವವರು, ನಾಲ್ಕು ಬೆರಳು ತುರುಕಿ ಓಕರಿಸುವವರು, ಪಕ್ಕದವನ ಬೆರಳು ಕಚ್ಚುವವರು. ಆಮೇಲೆ ಮನೆಪಾಠ ಕೊಟ್ಟೆ. ಮನೆಯ ದೊಡ್ಡವರಿಗೆಲ್ಲ ಈ ಪರೀಕ್ಷೆ ಮಾಡಿಸಬೇಕು, ಮೂರನೆಯ ಬೆರಳು ಹೋಗದವರನ್ನು ಡಾಕ್ಟರ ಹತ್ತಿರ ಹೋಗಿ ಅಂತ ಕಾಡಬೇಕು. ಮರುದಿನ ಒಬ್ಬ ಹುಡುಗ ತನ್ನ ಸೋದರಮಾವನಿಗೆ ಎರಡೇ ಹೋಯಿತೆಂದು ಅತ್ತ. ಅವನ ಮಾವ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಅಷ್ಟರಮಟ್ಟಿಗೆ ನಿನ್ನ ಪಾಠ ಸಾರ್ಥಕ.

ಬುಗುರಿ ಎದ್ದು ನಿಂತಳು. ಊಟದ ಹೊತ್ತಿನಲ್ಲಿ ತಾತನ ಬಾಯಿ ಅಳೆದಳಂತೆ. ತಾತ ನಗುತ್ತಾ ಬಾಯಿ ತೆರೆದರಂತೆ. ಇವಳು ಎಲ್ಲರೆದುರು, ತಾತ ನೀನು ಒಂದು ಸಲವೂ ತಿಂದಿಲ್ಲವಾ ಅಂತ ಕೇಳಿದಳಂತೆ. ಇಲ್ಲ ಪುಟ್ಟ, ಮಾರೋರು ತಿನ್ನಬಾರದು ಅಂದರಂತೆ. ಮತ್ತೆ ಕೊಳ್ಳೋರು ಯಾಕೆ ತಿನ್ನಬೇಕು ಅಂತ ಇವಳು ಕೇಳಿದ್ದಕ್ಕೆ ಊಟ ಬಿಟ್ಟು ಎದ್ದರಂತೆ. ಇಷ್ಟನ್ನೂ ಬುಗುರಿ ನನ್ನ ತರಗತಿಯಲ್ಲಿ, ಅವಳ ತಾತನ ಹೆಸರಿರುವ ಬೆಂಚಿನ ಪಕ್ಕ ನಿಂತು ಹೇಳಿದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೆಡ್ಮಾಸ್ತರರು ನನ್ನನ್ನು ಕರೆಸಿದರು. ಟೀಚರ್, ಪಾಠ ಶಾಲೆಯೊಳಗೇ ಇರಲಿ, ಊಟದ ಮನೆಗೆ ಯಾಕೆ ಕಳಿಸುತ್ತೀರಿ ಅಂದರು. ಸುತ್ತೋಲೆಯಲ್ಲಿ ಮನೆಯವರಿಗೂ ಅರಿವು ಮೂಡಿಸಿ ಅಂತಿದೆ ಸಾರ್ ಅಂದೆ. ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

ಇನ್ನೊಂದು ವಿಷಯ. ತರಗತಿಯಲ್ಲೇ ಒಂದು ಮಗುವಿಗೆ ಮೂರನೆಯ ಬೆರಳು ಹೋಗಲಿಲ್ಲ. ಬೇರೆ ಯಾರೂ ಗಮನಿಸಲಿಲ್ಲ. ನಾನು ನೋಡುತ್ತಿದ್ದೇನೆ.

ನಿನ್ನ ಅತ್ತಿಗೆ


ಜುಲೈ 29

ಅತ್ತಿಗೆ,

ಡ್ಯೂಟಿಗೆ ಹೊತ್ತಾಗುತ್ತಿದೆ, ಎರಡೇ ಮಾತು. ನೋಡುತ್ತಿದ್ದೇನೆ ಅಂದರೆ ಏನು? ಇದು ನೋಡುತ್ತಾ ಕೂರುವ ಕಾಯಿಲೆಯಲ್ಲ. ಯಾವ ಮಗು, ಏನು ತಿನ್ನುತ್ತದೆ, ಮನೆಯವರಿಗೆ ಹೇಳಿದಿರಾ? ಬಿಗಿದ ನಾರು ಮತ್ತೆ ಸಡಿಲವಾಗುವುದು ಕಷ್ಟ. ಈಗಲೇ ಬಿಡಿಸಿದರೆ ಇನ್ನಷ್ಟು ಬಿಗಿಯದಂತೆ ತಡೆಯಬಹುದು, ಬಿಟ್ಟರೆ ತಿಂಗಳು ತಿಂಗಳಿಗೂ ಬಾಯಿ ಚಿಕ್ಕದಾಗುತ್ತಾ ಹೋಗುತ್ತದೆ. ಮುಂದೆ ಏನಾಗುತ್ತದೆ ಅಂತ ನೀವು ಮನೆಯಲ್ಲೇ ನೋಡಿದ್ದೀರಿ.

ಆ ಮಗುವಿನ ತಾಯಿಯನ್ನು ನಾಳೆಯೇ ಕರೆಸಿ. ಧಣಿಯ ಮಾತು ಆಮೇಲೆ ನಗಲಿಕ್ಕೆ ಇಟ್ಟುಕೊಳ್ಳೋಣ.

ಗುಬ್ಬಿ


ಸೆಪ್ಟೆಂಬರ್ 2

ಪ್ರೀತಿಯ ಗುಬ್ಬಿ,

ಬರೆಯಲು ತಡವಾಯಿತು, ಬೈಯಬೇಡ. ಕಿರುಪರೀಕ್ಷೆ, ಉತ್ತರಪತ್ರಿಕೆ, ನನಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಆದರೆ ಇಲ್ಲಿನ ಸುದ್ದಿ ಕೇಳಿದರೆ ನಿನ್ನ ಸಿಟ್ಟೆಲ್ಲ ಇಳಿಯುತ್ತದೆ.

ಧಣಿಗಳ ಮನೆಯಲ್ಲಿ ಈಗ ಊಟಕ್ಕೆ ಕೂತರೆ ಜಗಳ. ಮೊಮ್ಮಗಳು ದಿನಕ್ಕೊಂದು ಪ್ರಶ್ನೆ ಹೊತ್ತುಕೊಂಡು ಹೋಗುತ್ತಾಳೆ. ನಮ್ಮ ಪೊಟ್ಟಣದ ಮೇಲೆ ಹುಣ್ಣಿನ ಚಿತ್ರ ಯಾಕಿದೆ, ಅದು ಯಾರ ಬಾಯಿ, ಅವರು ನಮ್ಮ ಗೋಡೌನಿನ ಮಾಲೇ ತಿಂದದ್ದಾ. ಸೊಸೆಯೂ ಮಗಳ ಕಡೆಗೇ ವಾಲಿದ್ದಾರೆ. ಈ ಗೋಡೌನು ಮುಚ್ಚಿ ಬೇರೆ ವ್ಯಾಪಾರ ನೋಡಿ ಅಂತ ಹಟ ಹಿಡಿದಿದ್ದಾರಂತೆ. ಮಗ ಎರಡು ಕಡೆಗೂ ತಲೆಯಾಡಿಸಿಕೊಂಡು ಓಡಾಡುತ್ತಿದ್ದಾನೆ.

ಹೋದ ವಾರ ಧಣಿಗಳೇ ಶಾಲೆಗೆ ಬಂದರು. ನನ್ನನ್ನು ಟೀಚರಮ್ಮ ಅಂದರು. ಅವರ ವ್ಯಾನು ಓಡಿಸುತ್ತಿದ್ದವನ ಹೆಂಡತಿ ಅಂತ ಗೊತ್ತಿದ್ದೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗು ಸೊರಗುತ್ತಿದೆ, ಸರಿಯಾಗಿ ಊಟ ಮಾಡುತ್ತಿಲ್ಲ, ನಿಮ್ಮ ಪಾಠದಿಂದ ಮನಸ್ಸಿಗೆ ಹಚ್ಚಿಕೊಂಡಿದೆ ಅಂತ ಮೆತ್ತಗೆ ಹೇಳಿದರು. ಮೊದಲು ತಟ್ಟೆ ಚೆನ್ನಾಗಿ ನೆಕ್ಕುತ್ತಿದ್ದವಳು ಈಗ ಖಾರ ಬೇಡ, ಗಟ್ಟಿ ಬೇಡ ಅನ್ನುತ್ತಾಳಂತೆ. ನಾನು ತಲೆಯಾಡಿಸಿದೆ. ಅವರು ಹೋಗುವಾಗ ಬೆನ್ನು ಸ್ವಲ್ಪ ಬಾಗಿತ್ತು. ಆ ಬೆನ್ನನ್ನು ನಾನು ಗೇಟಿನವರೆಗೂ ನೋಡುತ್ತಾ ನಿಂತೆ.

ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ಹೊಸ ಸಭಾಂಗಣದಲ್ಲಿ ಧಣಿಗಳಿಗೆ ಸನ್ಮಾನ. ಅದೇ ದಿನ ನನ್ನ ಏಳನೇ ತರಗತಿಯವರ ನಾಟಕ. ಅದರಲ್ಲೊಂದು ದೃಶ್ಯಕ್ಕೆ ಮುಖ್ಯ ಅತಿಥಿಗಳನ್ನೇ ವೇದಿಕೆಗೆ ಕರೆಯುತ್ತೇವೆ. ಬುಗುರಿ ಬಾಯಿ ತೆರೆಯುತ್ತಾಳೆ, ತಾತ ತಾವೇ ಅಳೆಯುತ್ತಾರೆ. ಇಡೀ ಊರು ಕೂತಿರುತ್ತದೆ. ಇದಕ್ಕಿಂತ ಹೆಚ್ಚು ಈಗ ಬರೆಯುವುದಿಲ್ಲ, ಬರೆದರೆ ಅದರ ಸೊಗಸು ಹೋಗುತ್ತದೆ.

ನಿನ್ನ ಅತ್ತಿಗೆ


ಸೆಪ್ಟೆಂಬರ್ 11

ಅತ್ತಿಗೆ,

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಯಾವುದೋ ಬಡವರ ಮನೆಯ ಮಗು ಇರಬೇಕು, ನೀವು ಸದ್ದಿಲ್ಲದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಬೇಕು ಅಂದುಕೊಂಡು ಒಂದು ತಿಂಗಳು ನೆಮ್ಮದಿಯಾಗಿದ್ದೆ. ಈ ಕಾಗದ ಓದಿದ ಮೇಲೆ ಹಿಂದಿನ ಕಾಗದವನ್ನೂ ತೆಗೆದು ಮತ್ತೆ ಓದಿದೆ.

ಖಾರ ಬೇಡ, ಗಟ್ಟಿ ಬೇಡ. ಅದು ಮನಸ್ಸಿಗೆ ಹಚ್ಚಿಕೊಂಡದ್ದಲ್ಲ ಅಂತ ನಿಮಗೆ ಗೊತ್ತು. ಆ ಮಗು ಬುಗುರಿಯೇ ಅಲ್ಲವಾ? ತಾತ ಎದುರಿಗೇ ಬಂದು ನಿಂತು ಅವಳ ಕಾಯಿಲೆಯ ಗುರುತುಗಳನ್ನು ಒಂದೊಂದಾಗಿ ಹೇಳಿದರೂ ನೀವು ತಲೆಯಾಡಿಸಿ ಕಳಿಸಿದಿರಿ. ನಾಟಕಕ್ಕೆ ಬೇಕು ಅಂತ ಒಂದು ಮಗುವಿನ ಬಾಯಿಯನ್ನು ಡಿಸೆಂಬರಿನವರೆಗೆ ಎತ್ತಿಟ್ಟಿದ್ದೀರಿ.

ಆ ಧಣಿ ಹಾಳಾಗಲಿ ಅಂತ ನಾನೂ ಬಯಸಿದ್ದೇನೆ, ಈಗಲೂ ಬಯಸುತ್ತೇನೆ. ಅವನ ಗೋಡೌನಿಗೆ ಬೆಂಕಿ ಬಿದ್ದರೆ ನೀರು ಹೊತ್ತು ಹೋಗುವವಳಲ್ಲ ನಾನು. ಆದರೆ ನಿಮಗೆ ಬೆರಳಿನ ಪರೀಕ್ಷೆ ಹೇಳಿಕೊಟ್ಟವಳು ನಾನು. ಅದು ಹುಡುಕುವುದಕ್ಕೆ ಇರುವುದು, ಬಚ್ಚಿಡುವುದಕ್ಕಲ್ಲ. ಅವಳ ತಾಯಿಗೆ ಹೇಳಿ. ನೀವು ಹೇಳದಿದ್ದರೆ ನಾನು ನಿಮ್ಮ ಹೆಡ್ಮಾಸ್ತರರಿಗೆ ಬರೆಯುತ್ತೇನೆ.

ಗುಬ್ಬಿ


ಸೆಪ್ಟೆಂಬರ್ 19

ಗುಬ್ಬಿ,

ಹೌದು, ಅವಳೇ. ಶಾಲೆ ಬಿಟ್ಟ ಮೇಲೆ ಗೋಡೌನಿನಲ್ಲಿ ಕೂತು ಹೋಂವರ್ಕ್ ಮಾಡುತ್ತಾಳೆ. ಮೂಲೆಯಲ್ಲಿ ಹರಿದ ಪೊಟ್ಟಣಗಳ ಬುಟ್ಟಿ ಇರುತ್ತದೆ. ಘಮಘಮ ಅನ್ನುತ್ತದೆ, ಸಿಹಿಯಾಗಿದೆ, ಯಾರೂ ಕೇಳುವವರಿಲ್ಲ. ಎರಡು ವರ್ಷದಿಂದ ತಿನ್ನುತ್ತಿದ್ದಾಳಂತೆ. ಪರೀಕ್ಷೆಯ ದಿನ ಅವಳೇ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. ತಾತನಿಗೆ ಹೇಳಬೇಡಿ ಟೀಚರ್, ಬೇಜಾರು ಮಾಡಿಕೊಳ್ಳುತ್ತಾರೆ ಅಂದಳು. ನಾನು ಹೇಳುವುದಿಲ್ಲ ಅಂದೆ. ನೀನೂ ಯಾರಿಗೂ ಹೇಳಬೇಡ, ನಾಟಕದ ಗುಟ್ಟು ಅಂದೆ.

ಅವಳನ್ನು ನಾನು ಕೈಬಿಟ್ಟಿದ್ದೇನೆ ಅಂದುಕೊಳ್ಳಬೇಡ. ಮುಂದಿನ ಬೆಂಚಿನಲ್ಲಿ ಕೂರಿಸಿದ್ದೇನೆ. ದಿನವೂ ಅವಳ ಜೇಬು, ಚೀಲ ನೋಡುತ್ತೇನೆ. ಬಿಟ್ಟಿದ್ದೇನೆ ಅಂತ ಆಣೆ ಮಾಡಿದ್ದಾಳೆ. ಡಿಸೆಂಬರಿನವರೆಗೆ ಏನೂ ಆಗುವುದಿಲ್ಲ.

ನೀನು ಬುದ್ಧಿ ಹೇಳುವುದು ಸುಲಭ. ನಿನ್ನ ಅಣ್ಣನಿಗೆ ಚಮಚದಲ್ಲಿ ಗಂಜಿ ಹಾಕಿದವಳು ನಾನು. ಕೊನೆಗೆ ಚಮಚ ಹೋಗದೆ ಸ್ಟ್ರಾ ಇಟ್ಟವಳು, ಅದೂ ಹೋಗದೆ ಸಿರಿಂಜಿನಲ್ಲಿ ನೀರು ಬಿಟ್ಟವಳು ನಾನು. ಧಣಿಗಳು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು. ಅವರಿಗೆ ಸೀಸನ್ ಇತ್ತು, ನನಗೂ ಒಂದು ಸೀಸನ್ ಇರಲಿ. ನಮಗೆ ಸಿಗದ ಹೊತ್ತನ್ನು ನಾನೇ ಯಾಕೆ ತಟ್ಟೆಯಲ್ಲಿಟ್ಟು ಅವರಿಗೆ ಕೊಡಬೇಕು? ಒಂದು ಸಲ, ಒಂದೇ ಒಂದು ಸಲ, ಅವರಿಗೆ ತಡವಾಗಿ ಗೊತ್ತಾಗಲಿ. ತಡವಾಗಿ ಗೊತ್ತಾಗುವುದೆಂದರೆ ಏನು ಅಂತ ಅವರಿಗೆ ಅರ್ಥವಾಗಬೇಕು. ಇದು ತಪ್ಪಾದರೆ ತಪ್ಪೇ ಆಗಲಿ.

ಹೆಡ್ಮಾಸ್ತರರಿಗೆ ಬರೆಯುವುದಾದರೆ ಬರೆ. ಆಮೇಲೆ ನನಗೆ ಬರೆಯಬೇಡ.

ಅತ್ತಿಗೆ


ಅಕ್ಟೋಬರ್ 1

ಅತ್ತಿಗೆ,

ಆಣೆ ಮಾಡಿದ್ದಾಳೆ ಅಂತ ಬರೆದಿದ್ದೀರಿ. ಅಣ್ಣನೂ ನಿಮ್ಮ ತಲೆಯ ಮೇಲೆ ಕೈಯಿಟ್ಟು ಎಷ್ಟು ಸಲ ಆಣೆ ಮಾಡಿದ್ದ? ಅದು ಹನ್ನೆರಡು ವರ್ಷದ ಮಗು. ನೀವು ಜೇಬು ನೋಡುವುದು ಶಾಲೆಯಲ್ಲಿ, ಅವಳಿಗೆ ಪೊಟ್ಟಣ ಸಿಗುವುದು ಗೋಡೌನಿನಲ್ಲಿ. ನೀವು ವಿಜ್ಞಾನದ ಟೀಚರು, ಜೇಬು ನೋಡಬೇಡಿ, ಬಾಯಿ ಅಳೆಯಿರಿ. ಜುಲೈನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಅಂತ ನೋಡಿ. ಆಮೇಲೂ ಡಿಸೆಂಬರಿನವರೆಗೆ ಕಾಯುತ್ತೇನೆ ಅನ್ನುವಷ್ಟು ಗಟ್ಟಿ ಮನಸ್ಸು ನಿಮ್ಮದಾದರೆ ಕಾಯಿರಿ.

ಹೆಡ್ಮಾಸ್ತರರಿಗೂ ಬರೆದಿದ್ದೇನೆ. ಎರಡು ಲಕೋಟೆಯನ್ನೂ ಒಟ್ಟಿಗೇ ಅಂಚೆಗೆ ಹಾಕುತ್ತಿದ್ದೇನೆ, ಬೆನ್ನ ಹಿಂದೆ ಮಾಡಿದೆ ಅನ್ನಬೇಡಿ.

ನಿಮ್ಮ ಗಂಡನ ತಂಗಿ


ಅಕ್ಟೋಬರ್ 23

ಗುಬ್ಬಿ,

ಹೆಡ್ಮಾಸ್ತರರು ನಿನ್ನ ಕಾಗದವನ್ನು ಪೂರ್ತಿ ಓದದೆ ನನ್ನ ಕೈಗೇ ಕೊಟ್ಟರು. ಆ ಮನೆಯ ಮಾತು ಅಂತ ಗೊತ್ತಾದ ಕೂಡಲೆ ಅದನ್ನು ಮಡಿಸಿಬಿಟ್ಟರು. ಇದು ನಿಮ್ಮ ಪಾಠಕ್ಕೆ ಸೇರಿದ್ದು, ನೀವೇ ನೋಡಿಕೊಳ್ಳಿ ಅಂದರು. ಹಾಗಾಗಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಆದರೂ ನೀನು ಹೇಳಿದಂತೆ ಅಳೆದೆ. ಅವಳನ್ನು ಪ್ರಯೋಗಾಲಯಕ್ಕೆ ಕರೆದು ಬಾಯಿ ತೆಗೆ ಅಂದೆ. ಜುಲೈನಲ್ಲಿ ಎರಡು ಬೆರಳು ಸಲೀಸಾಗಿ ಹೋಗಿದ್ದವು. ಈಗ ಎರಡನೆಯದನ್ನೇ ಒತ್ತಿ ಇಡಬೇಕಾಯಿತು. ಬಿಟ್ಟಿಲ್ಲವಾ ಅಂತ ಕೇಳಿದೆ. ತಲೆ ತಗ್ಗಿಸಿದಳು. ಬಿಟ್ರೆ ತಲೆ ನೋಯುತ್ತೆ ಟೀಚರ್ ಅಂದಳು. ನಿನ್ನ ಅಣ್ಣನೂ ಇದೇ ಮಾತು ಹೇಳುತ್ತಿದ್ದರು. ಆಫೀಸಿಗೆ ಹೋಗಿ ಧಣಿಗಳಿಗೆ ಫೋನ್ ಮಾಡಿಸಿದೆ.

ಅವರು ಬಂದರು. ಇವಳೇನೋ ತರಲೆ ಮಾಡಿದ್ದಾಳೆ ಅಂದುಕೊಂಡು ನಗುತ್ತಲೇ ಒಳಗೆ ಬಂದರು. ಊರು ಸೇರಿರಲಿಲ್ಲ, ವೇದಿಕೆ ಇರಲಿಲ್ಲ. ನಾವು ಮೂವರೇ. ಅಷ್ಟಾದರೂ ನಾನು ಬಿಟ್ಟುಕೊಟ್ಟೆ ಗುಬ್ಬಿ, ಆದರೆ ಮಿಕ್ಕಿದ್ದನ್ನು ಬಿಡಲಿಲ್ಲ. ಬಾಯಲ್ಲಿ ಹೇಳಿ ಮುಗಿಸಬಹುದಿತ್ತು, ಹೇಳಲಿಲ್ಲ. ಕೈ ತೊಳೆದುಕೊಂಡು ನೀವೇ ಅಳೆಯಿರಿ ಅಂದೆ. ದೊಡ್ಡವರ ಬೆರಳು ದಪ್ಪ ಅಂತ ಅವರ ಕೈಗೆ ಅವಳ ಕೈಯನ್ನೇ ಕೊಟ್ಟು, ಅವಳ ಬೆರಳುಗಳನ್ನೇ ಜೋಡಿಸಿ, ಅವರಿಂದಲೇ ಅವಳ ಬಾಯಿಗೆ ಇಡಿಸಿದೆ. ಒಂದು ಹೋಯಿತು. ಎರಡನೆಯದು ಕಷ್ಟದಲ್ಲಿ ಹೋಯಿತು. ಮೂರನೆಯದನ್ನು ಅವರು ಮತ್ತೆ ಮತ್ತೆ ಒತ್ತಿದರು.

"ಸರಿಯಾಗಿ ತೆಗಿ ಪುಟ್ಟ" ಅಂದರು.

"ಅಷ್ಟೇ ಬರೋದು ತಾತ" ಅಂದಳು ಅವಳು.

ಅವರು ಸ್ಟೂಲಿನ ಮೇಲೆ ಕೂತರು. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತಮ್ಮ ಡ್ರೈವರುಗಳ ಬಾಯಿಗಳನ್ನು ನೋಡಿದ್ದ ಮನುಷ್ಯ. ಯಾವಾಗಿನಿಂದ ಅಂತ ಕೇಳಿದರು. ತಿನ್ನಲು ಶುರುಮಾಡಿದ್ದು ಎರಡು ವರ್ಷದ ಹಿಂದೆ ನಿಮ್ಮ ಗೋಡೌನಿನ ಬುಟ್ಟಿಯಿಂದ, ನನಗೆ ಗೊತ್ತಾಗಿದ್ದು ಜುಲೈನಲ್ಲಿ ಅಂದೆ.

"ಜುಲೈನಿಂದ ಗೊತ್ತಿದ್ದೂ ಸುಮ್ನಿದ್ರಾ?"

"ನೀವೂ ಸುಮ್ನಿದ್ರಲ್ಲ" ಅಂದೆ.

ಅವರಿಗೆ ತಕ್ಷಣ ಅರ್ಥವಾಯಿತು. ನನ್ನ ಮುಖ ನೋಡಿದರು, ಆಮೇಲೆ ನೋಡಲಿಲ್ಲ. ಈ ಮಾತನ್ನು ನಾನು ಮನಸ್ಸಿನಲ್ಲಿ ಎಷ್ಟು ವರ್ಷದಿಂದ ಮಸೆಯುತ್ತಿದ್ದೆನೋ, ಅದು ಹೋಗಿ ನಾಟಿದ್ದು ಕಣ್ಣಾರೆ ಕಂಡೆ. ನನಗೆ ತೃಪ್ತಿಯಾಯಿತು. ನಿನ್ನ ಹತ್ತಿರ ಯಾಕೆ ಸುಳ್ಳು ಹೇಳಲಿ, ಇವತ್ತಿಗೂ ತೃಪ್ತಿಯಾಗಿಯೇ ಇದೆ.

ಬುಗುರಿ ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು. ನಾಟಕದ ಗುಟ್ಟು ಈಗಲೇ ಯಾಕೆ ಹೇಳಿದಿರಿ ಟೀಚರ್ ಅಂತ ಕೇಳಿದಳು. ನಾಟಕ ಇಲ್ಲಮ್ಮ, ಮನೆಗೆ ಹೋಗು ಅಂದೆ.

ನಿನ್ನ ಆಸ್ಪತ್ರೆಯ ವಿಳಾಸವನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ. ಅಲ್ಲಿ ನೀನಿರುವುದನ್ನು ಹೇಳಲಿಲ್ಲ.

ಅತ್ತಿಗೆ


ನವೆಂಬರ್ 9

ಅತ್ತಿಗೆ,

ಬಂದಿದ್ದರು. ತಾತ, ತಾಯಿ, ಮಗು. ಧಣಿಗೆ ನನ್ನ ಗುರುತು ಹತ್ತಲಿಲ್ಲ. ಬಿಳಿ ಬಟ್ಟೆ ಹಾಕಿದವರೆಲ್ಲ ಅವನಿಗೆ ಒಂದೇ.

ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಗಂಟು ಇಲ್ಲ, ಹುಣ್ಣು ಇಲ್ಲ. ಇವತ್ತಿನಿಂದ ಒಂದು ಚೂರೂ ತಿನ್ನದಿದ್ದರೆ ಇಷ್ಟಕ್ಕೇ ನಿಲ್ಲಬಹುದು. ಕೆನ್ನೆಯೊಳಗೆ ವಾರ ವಾರ ಇಂಜೆಕ್ಷನ್ ಕೊಡಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಇಟ್ಟುಕೊಂಡು ದಿನವೂ ಬಾಯಿ ಹಿಗ್ಗಿಸುವ ವ್ಯಾಯಾಮ ಮಾಡಬೇಕು, ಸ್ವಲ್ಪ ಸ್ವಲ್ಪವಾಗಿ ಕಡ್ಡಿ ಹೆಚ್ಚಿಸಬೇಕು. ಆದರೂ ಪೂರ್ತಿ ಮೊದಲಿನಂತಾಗುತ್ತದೆ ಅನ್ನುವ ಮಾತಿಲ್ಲ. ಮಳೆಗಾಲದಲ್ಲೇ ಕರೆತಂದಿದ್ದರೆ ಇಷ್ಟು ಇಂಜೆಕ್ಷನ್ ಬೇಕಾಗುತ್ತಿರಲಿಲ್ಲವೇನೋ ಅಂದರು. ಅದನ್ನು ಕೇಳಿ ತಾಯಿ ಅತ್ತರು. ಧಣಿ ಅಳಲಿಲ್ಲ, ಟೀಚರಿಗೆ ಗೊತ್ತಿತ್ತು ಅಂತಲೂ ಹೇಳಲಿಲ್ಲ. ನಿಮ್ಮ ಹೆಸರನ್ನು ಅವನು ಎತ್ತಲೇ ಇಲ್ಲ. ಯಾಕೆ ಅಂತ ನೀವೇ ಯೋಚಿಸಿ.

ನಾನೂ ನನ್ನ ಪಾಲಿನದನ್ನು ತೀರಿಸಿಕೊಂಡೆ. ಮಗುವಿಗೆ ಮೊದಲ ಇಂಜೆಕ್ಷನ್ ಆಗುವವರೆಗೆ ಧಣಿಯನ್ನು ವಾರ್ಡಿನೊಳಗೆ ಕರೆದುಕೊಂಡು ಹೋದೆ. ರೋಗಿಗಳು ಒಪ್ಪಿದ ಹಾಸಿಗೆಗಳ ಹತ್ತಿರ ಮಾತ್ರ ನಿಲ್ಲಿಸಿದೆ. ಇವರು ಮರಗೆಲಸದವರು, ಇವರು ಕಂಡಕ್ಟರು, ಇವರಿಗೆ ಮೂವತ್ತೂ ತುಂಬಿಲ್ಲ ಅಂತ ಒಬ್ಬೊಬ್ಬರನ್ನೂ ಪರಿಚಯ ಮಾಡಿಕೊಟ್ಟೆ. ಮಾತು ಬಾರದ ಒಬ್ಬರು ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕೊನೆಯಲ್ಲಿ, ನಮ್ಮಣ್ಣ ಈ ಹಾಸಿಗೆಯಲ್ಲಿದ್ದ, ನಿಮ್ಮ ವ್ಯಾನು ಓಡಿಸುತ್ತಿದ್ದ ಅಂದೆ. ಆ ಮಂಚದ ಕಂಬಿ ಹಿಡಿದು ನಿಂತುಬಿಟ್ಟ. ಕುಡಿಯಲು ನೀರು ಕೇಳಿದ. ಬಾಗಿಲಾಚೆ ನಲ್ಲಿ ಇದೆ ಅಂದೆ. ನನಗೂ ಹಾಯೆನಿಸಿತು. ಆದ್ದರಿಂದ ನಾನು ನಿಮಗಿಂತ ಒಳ್ಳೆಯವಳು ಅಂತ ಈ ಕಾಗದ ಬರೆಯುತ್ತಿಲ್ಲ.

ಆಮೇಲೆ ಬುಗುರಿಯ ಹತ್ತಿರ ಹೋದೆ. ಒಂದು ಕಡೆ ನಿಲ್ಲುವುದಿಲ್ಲ ಅಂತ ನೀವು ಬರೆದಿದ್ದಿರಿ. ಕುರ್ಚಿಯಲ್ಲಿ ಕೆನ್ನೆಗೆ ಕೈ ಕೊಟ್ಟುಕೊಂಡು ಅಲುಗಾಡದೆ ಕೂತಿದ್ದಳು. ನೋಯುತ್ತಾ ಅಂತ ಕೇಳಿದೆ. ಹೂಂ ಅಂದಳು. ಕಡ್ಡಿ ಇಟ್ಟುಕೊಳ್ಳುವುದನ್ನು ಹೇಳಿಕೊಟ್ಟೆ. ಚುರುಕು ಹುಡುಗಿ, ಬೇಗ ಕಲಿತಳು. ನಿನ್ನ ಟೀಚರು ನನ್ನ ಅತ್ತಿಗೆ ಅಂತಲೂ ಹೇಳಿದೆ. ಎದ್ದು ಹೊರಡುವಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಟೀಚರಿಗೆ ತಾತನ ಮೇಲೆ ಕೋಪ ಅಂತ ಗೊತ್ತಾಯ್ತು. ನನ್ನ ಮೇಲೆ ಯಾಕೆ ಕೋಪ ಇತ್ತು ಸಿಸ್ಟರ್?"

ನಿಮ್ಮ ಕಾಗದಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ಅಣ್ಣನ ಬಗ್ಗೆ ಇತ್ತು, ಧಣಿಯ ಬಗ್ಗೆ ಇತ್ತು. ಅವಳ ಪ್ರಶ್ನೆಗೆ ಮಾತ್ರ ಎಲ್ಲಿಯೂ ಏನೂ ಇರಲಿಲ್ಲ.

ಬರುವ ಸೋಮವಾರ ಎರಡನೆಯ ಇಂಜೆಕ್ಷನ್. ಆವತ್ತು ನಿನ್ನ ಟೀಚರೇ ಇಲ್ಲಿಗೆ ಬರುತ್ತಾರೆ, ಅವರನ್ನೇ ಕೇಳು ಅಂತ ನಾನು ಅವಳಿಗೆ ಮಾತು ಕೊಟ್ಟಿದ್ದೇನೆ.

ಗುಬ್ಬಿ